ಹೆಣ್ಣು ಕೇಳಲು ಬಂದ ಕಾರ್ಡಿನಲ್

ನನ್ನ ಮಗಳನ್ನು ಹೆಣ್ಣು ಕೇಳಲು ಪೋಪರ ಕಡೆಯವರು ಮನೆಗೆ ಬಂದಿದ್ದರು ಎಂದರೆ ಹುಬ್ಬಳ್ಳಿಯ ನನ್ನ ಸೋದರಮಾವ ಇವತ್ತಿಗೂ ನಂಬುವುದಿಲ್ಲ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಎಷ್ಟು ಕುಡದೀಯೋ?" ಎಂದು ವಿಚಾರಿಸುತ್ತಾನೆ. ಕುಡಿದಿರಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಇದ್ದದ್ದು ಚಹಾ ಮತ್ತು ಉಪ್ಪಿಟ್ಟು ಮಾತ್ರ, ಅದೂ ನನ್ನದೇ ಅಪ್ಪಣೆಯ ಪ್ರಕಾರ.

ನಾನು ಟೆಕ್ಸಾಸ್‌ನ ಯೂಲೆಸ್ ಎಂಬ ಊರಿನಲ್ಲಿ ಅಡುಗೆಮನೆ ಕಟ್ಟೆಗಳಿಗೆ ಗ್ರಾನೈಟ್ ಕೊಯ್ದು ಕೂರಿಸುವ ವ್ಯಾಪಾರ ಮಾಡುವವನು. ಡಲ್ಲಾಸ್ ವಿಮಾನ ನಿಲ್ದಾಣ ಮನೆಗೆ ಎಷ್ಟು ಹತ್ತಿರವೆಂದರೆ, ತಲೆಯ ಮೇಲೆ ವಿಮಾನ ಬಂದಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುವ ಅಭ್ಯಾಸ ನನಗೂ ನನ್ನ ಹೆಂಡತಿಗೂ ಆಗಿಬಿಟ್ಟಿದೆ. ಜಗಳವಾಡುವಾಗ ಇದರಿಂದ ಬಹಳ ಅನುಕೂಲ. ಇಪ್ಪತ್ತೆಂಟು ವರ್ಷ ಕಲ್ಲಿನ ಜೊತೆ ಬಾಳಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ, ಕಂಡದ್ದನ್ನೆಲ್ಲ ಬೆರಳಿನಿಂದ ಬಡಿದು ನೋಡುವುದು. ಒಳಗೆ ಬಿರುಕಿದ್ದರೆ ಸದ್ದು ಬೇರೆ ಬರುತ್ತದೆ. ಮನುಷ್ಯರನ್ನೂ ನಾನು ಹಾಗೇ ಬಡಿದು ನೋಡುತ್ತೇನೆ ಎಂದು ಹೆಂಡತಿಯ ದೂರು.

ಮಗಳು ಇರುವುದು ಆಸ್ಟಿನ್‌ನಲ್ಲಿ. ಅಲ್ಲೇ ಹತ್ತಿರದ ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಕಳೆದ ಜೂನ್‌ನಲ್ಲಿ ಮನೆಗೆ ಬಂದವಳು ರೊಟ್ಟಿ ಮುರಿಯುತ್ತಾ, ಉಪ್ಪಿನಕಾಯಿ ಈ ಕಡೆ ಕೊಡಿ ಎನ್ನುವ ದನಿಯಲ್ಲೇ, "ಅಪ್ಪಾ, ಐ ಆಮ್ ಗೆಟಿಂಗ್ ಮ್ಯಾರೀಡ್" ಎಂದಳು. ಹುಡುಗ ಅದೇ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಹೂಸ್ಟನ್‌ನಲ್ಲಿ ಹುಟ್ಟಿದವನು, ಮೆಕ್ಸಿಕೋ ಮೂಲ, ಕ್ಯಾಥೊಲಿಕ್. ನಾನು ಕಲ್ಲು ಕೊಯ್ದು ಹೊಟ್ಟೆ ಹೊರೆಯುವವನಾದರೂ, ಎಲೆಕ್ಟ್ರಿಷಿಯನ್ ಎಂದ ಕೂಡಲೇ ಮೂಗು ಮುರಿದೆ. ಬಾಯಲ್ಲಿ ಮಾತ್ರ "ನೋಡೋಣ" ಎಂದೆ.

ನಮ್ಮ ಮನೆಯಲ್ಲಿ ನೋಡೋಣ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತು. ಆರನೇ ವಯಸ್ಸಿನಲ್ಲಿ ನಾಯಿಮರಿ ಬೇಕೆಂದು ಹಟ ಹಿಡಿದಿದ್ದಳು. ಆಗಲೂ ನೋಡೋಣ ಎಂದಿದ್ದೆ. ಈಗ ಅವಳಿಗೆ ಇಪ್ಪತ್ತೊಂಬತ್ತು, ನಾಯಿ ಇನ್ನೂ ಬಂದಿಲ್ಲ.

ಒಲ್ಲೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಹಾಗೆ ಹೇಳಿದರೆ ಅವಳು ಜಗಳಕ್ಕೆ ಬರುತ್ತಾಳೆ, ಜಗಳದಲ್ಲಿ ನಾನು ಸೋಲುತ್ತೇನೆ. ಅದಕ್ಕೇ ಪಂಚಾಂಗದ ಮೊರೆ ಹೋದೆ. ಜೀವನದಲ್ಲಿ ಮೊದಲ ಸಲ ಅದನ್ನು ಪೂರ್ತಿ ಓದಿದೆ. ಮೊದಲು ಆಷಾಢ ಬಂತು, ಶುಭಕಾರ್ಯದ ಮಾತು ಎತ್ತಬಾರದು. ಶ್ರಾವಣದಲ್ಲಿ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದೆ, ಅದು ಪಂಚಾಂಗದಲ್ಲಿ ಇರಲಿಲ್ಲ. ಆಮೇಲೆ ಪಿತೃಪಕ್ಷ. ನಮ್ಮ ಹಿರಿಯರು ವರ್ಷದಲ್ಲಿ ಇಷ್ಟೊಂದು ಕೆಟ್ಟ ದಿನಗಳನ್ನು ಯಾಕೆ ಇಟ್ಟರು ಎಂದು ನನಗೆ ಆಗ ಅರ್ಥವಾಯಿತು. ಹೆಣ್ಣು ಹೆತ್ತವರಿಗೆ ಉಸಿರಾಡಲು ಅಷ್ಟು ಸಮಯ ಬೇಕಾಗುತ್ತದೆ.

ದೀಪಾವಳಿಗೆ ಬಂದಾಗ, ಇನ್ನೇನು ಧನುರ್ಮಾಸ ಬರುತ್ತದೆ ಎಂದು ನಾನು ಶುರು ಮಾಡುವಷ್ಟರಲ್ಲಿ ಮಗಳು ಕೈ ಎತ್ತಿ ತಡೆದಳು. ಫೆಬ್ರವರಿಯ ಮೊದಲ ಶುಕ್ರವಾರ ಆಸ್ಟಿನ್‌ನ ಕೋರ್ಟಿನಲ್ಲಿ ಇಬ್ಬರೂ ಸಹಿ ಹಾಕುತ್ತೇವೆ, ಬರುವುದಿದ್ದರೆ ಬಾ, ಇಲ್ಲದಿದ್ದರೆ ಇಲ್ಲ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ, ಗ್ರಾಹಕರಿಗೆ ಹೇಳುವಂತೆ ಹೇಳಿದಳು. ಮರುದಿನ ಬೆಳಿಗ್ಗೆ ಹೊರಟುಹೋದಳು. ಕ್ರಿಸ್‌ಮಸ್ ರಜೆಗೆ ಬರಲಿಲ್ಲ. ಫೋನ್ ಮಾಡಿದಾಗ ನಾನು ಎತ್ತಿಕೊಂಡರೆ, "ಈಸ್ ಅಮ್ಮ ದೇರ್?" ಎನ್ನುತ್ತಿದ್ದಳು. ಮೂರು ತಿಂಗಳು ನನಗೆ ಸಿಕ್ಕ ಮಾತು ಅಷ್ಟೇ. ಅಂಗಡಿಯಲ್ಲಿ ಗರಗಸದ ಸದ್ದಿನ ನಡುವೆ ಒಂದೆರಡು ಸಲ ಅತ್ತಿದ್ದೇನೆ. ಅಲ್ಲಿ ಕನ್ನಡಕ, ಮುಖಗವಸು ಹಾಕಿರುವುದರಿಂದ ಯಾರಿಗೂ ಕಾಣುವುದಿಲ್ಲ.

ಅಷ್ಟಾದರೂ ಬುದ್ಧಿ ಬರಲಿಲ್ಲ. ಕೊನೆಯ ಬಾಣವೆಂದು ಹೆಂಡತಿಯ ಮೂಲಕ ಒಂದು ಷರತ್ತು ಕಳಿಸಿದೆ. ನಮ್ಮ ಪದ್ಧತಿಯ ಪ್ರಕಾರ ಹುಡುಗನ ಕಡೆಯ ಹಿರಿಯರೊಬ್ಬರು ಮನೆಗೆ ಬಂದು ಹೆಣ್ಣು ಕೇಳಬೇಕು. ಹಿರಿಯರು ಹಿರಿಯರೇ ಕೂತು ಮಾತಾಡಬೇಕು, ಹುಡುಗ ಹುಡುಗಿ ಎದುರಿಗೆ ಇರಬಾರದು. ನನ್ನ ಲೆಕ್ಕ ಸರಳವಾಗಿತ್ತು. ಹುಡುಗನಿಗೆ ಅಪ್ಪ ಇಲ್ಲ, ಅಜ್ಜ ಇಲ್ಲ. ತಾಯಿ ಹೂಸ್ಟನ್‌ನಲ್ಲಿ ನರ್ಸು. ಅಮೆರಿಕದಲ್ಲಿ ಹಿರಿಯರನ್ನು ಎಲ್ಲಿಂದ ಹುಡುಕಿ ತಂದಾರು?

ಮೂರು ದಿನದ ಮೇಲೆ ಹೆಂಡತಿ ಚಪಾತಿ ಲಟ್ಟಿಸುತ್ತಾ ಹೇಳಿದಳು. "ಹಿರಿಯರು ಸಿಕ್ಕಾರಂತ್ರಿ. ಹುಡುಗನ ಅಜ್ಜಿಯ ಅಣ್ಣ. ಹೂಸ್ಟನ್‌ದಾಗ ಇರ್ತಾರಂತ. ಕಾರ್ಡಿನಲ್ ಅಂತ."

"ಕಾರ್ಡಿನಲ್ ಅಂದ್ರ?"

"ಪೋಪ್ ಇರ್ತಾರಲ್ರಿ, ಅವ್ರ ಕೆಳಗಿನ ದೊಡ್ಡ ಸ್ವಾಮಿಗೋಳು. ನಲವತ್ತು ವರ್ಷ ದೇಶ ದೇಶಕ್ಕ ಪೋಪರ ರಾಯಭಾರಿ ಆಗಿ ಹೋಗಿದ್ರಂತ. ಹುಡುಗನ ತಾಯಿ ಏನಂದ್ರಂತ ಗೊತ್ತೇನು? ನನಗ ಆಸ್ಪತ್ರಿ ಡ್ಯೂಟಿ ಅದ, ಮಾವ ಹೋಗ್ಲಿ, ಅವ್ರು ಹೊಟ್ಟಿಪಾಡಿಗೆ ಮಾಡಿದ್ದ ಇದೇ ಕೆಲಸ ಅಂದ್ರಂತ."

ವಿಮಾನವೊಂದು ತಲೆಯ ಮೇಲೆ ಹೋಯಿತು. ಅದು ಹೋದ ಮೇಲೂ ನನಗೆ ಮಾತು ಹೊರಡಲಿಲ್ಲ.

ಅವರ ಕಡೆ ಒಬ್ಬ ಹಿರಿಯ ಎಂದ ಮೇಲೆ ನಮ್ಮ ಕಡೆಯೂ ಒಬ್ಬರು ಬೇಕು. ನಾನು ಹುಡುಗಿಯ ಅಪ್ಪ, ಲೆಕ್ಕಕ್ಕಿಲ್ಲ. ಡಲ್ಲಾಸ್ ಹತ್ತಿರದ ಮೆಕಿನ್ನಿಯಲ್ಲಿರುವ ಮೈಸೂರಿನ ಗೆಳೆಯರೊಬ್ಬರನ್ನು ಕೇಳಿದೆ. ಸಾಫ್ಟ್‌ವೇರಿನಿಂದ ನಿವೃತ್ತರಾಗಿ ಈಗ ಕನ್ನಡ ಸಂಘದಲ್ಲಿ ಎಲ್ಲರ ಬದುಕಿನಲ್ಲೂ ಮೂಗು ತೂರಿಸುವುದೇ ಕಸುಬಾಗಿರುವ ಒಳ್ಳೆಯ ಮನುಷ್ಯ. ಅವರನ್ನು ಕೇಳುವುದಕ್ಕೆ ನನಗೆ ನಾಚಿಕೆ ಆಗಬೇಕಿತ್ತು. ಎರಡು ವರ್ಷದ ಹಿಂದೆ ಅವರ ಮಗ ಚೀನೀ ಹುಡುಗಿಯನ್ನು ಮದುವೆಯಾದಾಗ, ಸಂಘದ ಊಟದ ಸಾಲಿನಲ್ಲಿ ನಿಂತು, ಇನ್ನು ಮುಂದೆ ಅವರ ಮನೆಯಲ್ಲಿ ಬಿಸಿಬೇಳೆಬಾತನ್ನು ಕಡ್ಡಿಯಲ್ಲಿ ತಿನ್ನಬೇಕು ಎಂದು ನಗೆಚಾಟಿಕೆ ಮಾಡಿದವನು ನಾನು. ಕಲ್ಲಿನ ಲೋಡು ಬರುತ್ತದೆ ಎಂದು ಸುಳ್ಳು ಹೇಳಿ ಮದುವೆಗೂ ಹೋಗಿರಲಿಲ್ಲ. ಇವೆಲ್ಲ ಅವರಿಗೆ ಗೊತ್ತಿತ್ತು. ಆದರೂ, "ಬರ್ತೀನಿ ಸಾರ್, ಅಜೆಂಡಾ ನಾನೇ ರೆಡಿ ಮಾಡ್ಕೊಂಡ್ ಬರ್ತೀನಿ" ಎಂದರು.

ಸಂಕ್ರಾಂತಿ ಮುಗಿದ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ನಿಶ್ಚಯವಾಯಿತು. ಹಿಂದಿನ ವಾರವೆಲ್ಲ ಹೆಂಡತಿಗೆ ಒಂದೇ ಚಿಂತೆ, ಸ್ವಾಮಿಗಳು ಏನು ತಿನ್ನುತ್ತಾರೆ? ಕಾಲಿಗೆ ನೀರು ಕೊಡಬೇಕೋ ಬೇಡವೋ? ನಮಸ್ಕಾರ ಮಾಡಿದರೆ ನಮ್ಮ ಮಠದವರಿಗೆ ಗೊತ್ತಾದರೆ ಏನೆಂದುಕೊಂಡಾರು?

"ಏನ್ರಿ, ಹೋಳಿಗಿ ಮಾಡ್ಲೋ ಬ್ಯಾಡೋ?"

"ಹೋಳಿಗಿ ಮಾಡಿದ್ರ ಒಪ್ಪಿಗಿ ಕೊಟ್ಟಂಗ ಆಗ್ತದ. ಉಪ್ಪಿಟ್ಟು, ಚಾ ಸಾಕು."

"ನಾಕು ತಾಸು ಗಾಡಿ ಹೊಡಕೊಂಡು ಬರೋ ಮುದುಕಗ ಉಪ್ಪಿಟ್ಟ?"

"ಉಪ್ಪಿಟ್ಟಂದ್ರ ಉಪ್ಪಿಟ್ಟು" ಎಂದೆ. ಅವಳು ಮರುಮಾತಾಡಲಿಲ್ಲ. ಅವಳು ಸುಮ್ಮನಾದಾಗ ನಾನು ಅನುಮಾನಪಡಬೇಕಿತ್ತು. ಆದರೆ ಆ ವಾರ ಸೀಡರ್ ಮರದ ಪರಾಗ ಗಾಳಿಯಲ್ಲಿ ತುಂಬಿ, ಜನವರಿಯಲ್ಲಿ ಇಲ್ಲಿ ಎಲ್ಲರಿಗೂ ಆಗುವಂತೆ, ನನ್ನ ಮೂಗು ಪೂರ್ತಿ ಕಟ್ಟಿಹೋಗಿತ್ತು. ಮನೆಯಲ್ಲಿ ಏನು ಬೆಂದರೂ ನನಗೆ ವಾಸನೆ ಬರುವಂತಿರಲಿಲ್ಲ.

ಕೆಂಪು ನಿಲುವಂಗಿ, ಕೈಯಲ್ಲಿ ದಂಡ, ಹಿಂದೆ ಮುಂದೆ ಶಿಷ್ಯರು ಎಂದೆಲ್ಲ ನಾನು ಊಹಿಸಿಕೊಂಡಿದ್ದೆ. ಬಂದದ್ದು ಹಳೆಯ ಬೂದು ಬಣ್ಣದ ಕಾರು. ಅದರಿಂದ ಇಳಿದವರು ಕುಳ್ಳಗಿನ ಮುದುಕರು, ವಯಸ್ಸು ಎಂಬತ್ತೆರಡು, ಕರಿ ಪ್ಯಾಂಟು, ಮೊಣಕೈ ಸವೆದ ಸ್ವೆಟರ್, ಕುತ್ತಿಗೆಗೆ ಮಫ್ಲರ್. ಗಾಡಿ ತಾವೇ ಓಡಿಸಿಕೊಂಡು ಬಂದಿದ್ದರು. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿದರೆ ಯಾರೋ ನಿವೃತ್ತ ಕನ್ನಡ ಮೇಷ್ಟ್ರು ಎಂದುಕೊಳ್ಳಬೇಕು, ಹಾಗಿದ್ದರು. ಮೈಸೂರಿನ ಗೆಳೆಯರು ಮಾತ್ರ ಸೂಟು ಟೈ ಹಾಕಿ, ಲ್ಯಾಪ್‌ಟಾಪ್ ತೆರೆದು, ಪೋಪರ ಕಡೆಯವರು ಇವರೇ ಎನ್ನುವಂತೆ ಸೋಫಾದ ನಡುವೆ ಕೂತಿದ್ದರು.

ಹೆಂಡತಿ ಗಟ್ಟಿ ಮನಸ್ಸು ಮಾಡಿ ತಂಬಿಗೆಯಲ್ಲಿ ಕಾಲಿಗೆ ನೀರು ತಂದೇಬಿಟ್ಟಳು. ನಾನು ತಲೆ ತಗ್ಗಿಸಿದೆ. ಮುದುಕರು ಒಂದು ಕ್ಷಣ ತಂಬಿಗೆ ನೋಡಿದರು, ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದರು, ಕಾಲುಚೀಲವನ್ನೂ ಬಿಚ್ಚಿದರು. "ಈಸ್ಟರ್ ಹಬ್ಬದ ಮುಂಚಿನ ಗುರುವಾರ ನಾನು ಪ್ರತಿ ವರ್ಷ ಹನ್ನೆರಡು ಜನರ ಕಾಲು ತೊಳೆಯುತ್ತಿದ್ದೆ" ಎಂದರು ಇಂಗ್ಲಿಷಿನಲ್ಲಿ. "ನನ್ನ ಕಾಲಿಗೆ ನೀರು ಕೊಟ್ಟವರು ನೀವೇ ಮೊದಲು." ಹೆಂಡತಿ ನನ್ನ ಕಡೆ ಒಂದು ನೋಟ ಬೀರಿದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಆ ನೋಟಕ್ಕೆ ಇರುವ ಅರ್ಥ ನನಗೆ ಗೊತ್ತು.

ಒಳಗೆ ಬಂದು ಕೂರುವ ಮೊದಲು ಅವರು ಅಡುಗೆಮನೆಯ ಕಟ್ಟೆಯ ಕೆಂಪು ಕಲ್ಲನ್ನು ಸವರಿ ನೋಡಿ, ಎಲ್ಲಿಯದು ಎಂದು ಕೇಳಿದರು. ಇಳಕಲ್ಲಿನದು ಎಂದೆ. ಅದರ ಗುಣವನ್ನು ಹತ್ತು ನಿಮಿಷ ವರ್ಣಿಸಿದೆ. ಹೆಣ್ಣು ಕೇಳಲು ಬಂದವರ ಎದುರು ಅಷ್ಟು ಮೃದುವಾಗಬಾರದಿತ್ತು. ಆಮೇಲೆ ಹೊಳೆಯಿತು, ಈ ಮನುಷ್ಯ ಬಂದ ಕ್ಷಣದಿಂದಲೇ ಕೆಲಸ ಶುರು ಮಾಡಿದ್ದಾನೆ.

ಕಲ್ಲು ಬಡಿದು ನೋಡುವ ನನ್ನ ಚಟವೂ ಬಿಡಲಿಲ್ಲ. "ನಿಮ್ಮ ಸರ್ವೀಸಿನ ಬಗ್ಗೆ ಸ್ವಲ್ಪ ಹೇಳಿ" ಎಂದೆ, ಕೆಲಸಕ್ಕೆ ಸೇರಲು ಬಂದವನನ್ನು ಕೇಳುವಂತೆ. ಅವರು ಬೇಸರವಿಲ್ಲದೆ ಹೇಳಿದರು. ಹುಟ್ಟಿದ್ದು ಟೆಕ್ಸಾಸ್‌ನ ದಕ್ಷಿಣದ ತುದಿಯಲ್ಲಿ, ಗಡಿ ನದಿಯ ಹತ್ತಿರ. ಅಪ್ಪ ಕಿತ್ತಳೆ ತೋಟದಲ್ಲಿ ಕೂಲಿ. ಪಾದ್ರಿಯಾದ ಮೇಲೆ, ಈ ಹುಡುಗನಿಗೆ ನಾಲ್ಕು ಭಾಷೆ ಬರುತ್ತದೆ, ಬಾಯಿ ಮಾತ್ರ ಮುಚ್ಚಿಕೊಂಡಿರುತ್ತಾನೆ ಎಂದು ಮೇಲಿನವರು ರೋಮಿಗೆ ಕಳಿಸಿದರು. ಅಲ್ಲಿ ಪಾದ್ರಿಗಳಿಗೆ ರಾಯಭಾರ ಕಲಿಸುವ ಶಾಲೆ ಇದೆ. ಕಾನೂನು, ಫ್ರೆಂಚು, ಮತ್ತು ಒಂದು ಕೋಣೆಯೊಳಗೆ ಹೇಗೆ ನಡೆದು ಬರಬೇಕು ಎಂಬುದನ್ನು ಕಲಿತರು. ಮೊದಲ ಪೋಸ್ಟಿಂಗ್ ಆಫ್ರಿಕಾದ ಒಂದು ದೇಶದಲ್ಲಿ, ರಾಯಭಾರಿಯ ಕಾರ್ಯದರ್ಶಿಯಾಗಿ. ಬೆಳಿಗ್ಗೆ ಗುಪ್ತ ತಂತಿಗಳನ್ನು ಬಿಡಿಸುವುದು, ಸಂಜೆ ರಾಯಭಾರಿಯ ಗಿಳಿಗೆ ಹಣ್ಣು ತಿನ್ನಿಸುವುದು. ಗಿಳಿಗೆ ಎಲ್ಲ ಗುಟ್ಟೂ ಗೊತ್ತಿತ್ತು ಎಂದರು. ಆಮೇಲೆ ಒಂದು ದ್ವೀಪ, ಒಂದು ಚಳಿ ದೇಶ, ಆಮೇಲೆ ದಕ್ಷಿಣ ಅಮೆರಿಕದ ಒಂದು ಬೆಟ್ಟದ ದೇಶಕ್ಕೆ ತಾವೇ ರಾಯಭಾರಿ. ಅರವತ್ತೆಂಟಕ್ಕೆ ಕಾರ್ಡಿನಲ್ ಪದವಿಯ ಕೆಂಪು ಟೋಪಿ ಬಂತು. ಎಂಬತ್ತು ದಾಟಿದ ಮೇಲೆ ಪೋಪರನ್ನು ಆರಿಸುವ ಓಟೂ ಹೋಯಿತು. ಈಗ ಹೂಸ್ಟನ್‌ನಲ್ಲಿ ಮುದಿ ಪಾದ್ರಿಗಳ ಮನೆಯಲ್ಲಿ ಇದ್ದಾರೆ, ಅಲ್ಲಿ ಸಾರಿಗೆ ಉಪ್ಪು ಹಾಕುವುದಿಲ್ಲ.

"ಇಷ್ಟು ವರ್ಷ ನಿಜವಾಗಿ ಮಾಡಿದ್ದೇನು?"

"ಊಟ" ಎಂದರು. ಮೈಸೂರಿನ ಗೆಳೆಯರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ರಾಯಭಾರಿಯ ಕೆಲಸದಲ್ಲಿ ಮುಕ್ಕಾಲು ಭಾಗ ಊಟ. ಏನು ಹೇಳುತ್ತಾರೆ ಎನ್ನುವುದನ್ನು ನಾವು ಕೇಳಿಸಿಕೊಳ್ಳುತ್ತಿರಲಿಲ್ಲ, ಏನು ಬಡಿಸುತ್ತಾರೆ ಎಂದು ನೋಡುತ್ತಿದ್ದೆವು. ಮಂತ್ರಿ ಬರೀ ಕಾಫಿ ಕೊಟ್ಟರೆ ಕೆಲಸ ಆಗುವುದಿಲ್ಲ. ಕಾಫಿಯ ಜೊತೆ ಖಾರದ ತಿಂಡಿ ಕೊಟ್ಟರೆ ಇನ್ನೂ ಒಂದು ವರ್ಷ ಅಲೆದಾಡಿಸುತ್ತಾನೆ. ಸಿಹಿ ಬಂದರೆ ಮಾತ್ರ ರೋಮಿಗೆ ತಂತಿ ಕಳಿಸುತ್ತಿದ್ದೆವು."

ಸರಿಯಾಗಿ ಆಗಲೇ ಹೆಂಡತಿ ಉಪ್ಪಿಟ್ಟು ತಂದಿಟ್ಟಳು. ಮುದುಕರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಿನ್ನತೊಡಗಿದರು. ಎರಡು ಸಲ ಹಾಕಿಸಿಕೊಂಡರು. ಉಪ್ಪು ಇದೆ ಎಂದು ಹೊಗಳಿದರು.

ಗೆಳೆಯರು ಲ್ಯಾಪ್‌ಟಾಪ್ ತಿರುಗಿಸಿ ಅಜೆಂಡಾ ತೋರಿಸಿದರು. ಮೊದಲನೆಯದು, ಎರಡು ಧರ್ಮ, ಯಾವ ವಿಧಿ ಮೊದಲು? ಈ ಪ್ರಶ್ನೆಗೇ ಮಧ್ಯಾಹ್ನವಾಗುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಮುದುಕರು ಚಹಾ ಕುಡಿಯುತ್ತಾ, "ನಿಮ್ಮದು ಮೊದಲು. ನಿಮಗೆ ಮುಹೂರ್ತ ಇದೆ, ನಮಗೆ ಇರುವುದು ಪಾರ್ಕಿಂಗ್ ಚಿಂತೆ ಮಾತ್ರ" ಎಂದರು. ಎರಡನೆಯದು, ಹುಟ್ಟುವ ಮಕ್ಕಳ ಧರ್ಮ. ಇದು ನನ್ನ ಬ್ರಹ್ಮಾಸ್ತ್ರ. ಅದಕ್ಕೂ ಅವರು ಅಲುಗಾಡಲಿಲ್ಲ. "ಮಕ್ಕಳನ್ನು ನಮ್ಮ ಪದ್ಧತಿಯಲ್ಲಿ ಬೆಳೆಸಲು ಕೈಲಾದಷ್ಟು ಪ್ರಯತ್ನ ಮಾಡುತ್ತೇನೆ ಎಂದು ಹುಡುಗ ಮಾತು ಕೊಡಬೇಕಾಗುತ್ತದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಮಗಳು ಯಾವ ಕಾಗದಕ್ಕೂ ಸಹಿ ಹಾಕಬೇಕಾಗಿಲ್ಲ. ಅವಳ ಜೊತೆ ಒಂದು ಗಂಟೆ ಮಾತಾಡಿದ್ದೇನೆ. ಹುಡುಗನ ಕೈಯಲ್ಲಿ ಎಷ್ಟು ಆಗುತ್ತದೆ ಎನ್ನುವುದು ನನಗೆ ಅಂದಾಜಿದೆ."

ಹೆಂಡತಿ ಅಡುಗೆಮನೆಯಿಂದ ನಕ್ಕದ್ದು ಕೇಳಿಸಿತು. ಗೆಳೆಯರು ಒಂದೊಂದೇ ಸಾಲಿಗೆ ಹಸಿರು ಬಣ್ಣ ತುಂಬುತ್ತಾ ಹೋದರು. ಅವರ ಮುಖದಲ್ಲಿ ಸಂತೋಷ ನೋಡಿ ನನಗೆ ಮೈ ಉರಿಯಿತು.

"ನಮ್ಮ ಕಡೆಯ ಹಿರಿಯರು ನೀವು. ಯಾರ ಕಡೆ ಅದೀರಿ?" ಎಂದು ಕನ್ನಡದಲ್ಲಿ ಗದರಿದೆ.

"ನಿಮ್ಮ ಕಡೇನೇ ಸಾರ್" ಎಂದರು ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. "ನಮ್ಮನೆ ಮದುವೆಗೆ ನೀವು ಬರ್ಲಿಲ್ಲ. ನಿಮ್ಮನೆ ಮದುವೆಗೆ ನೀವೇ ಇಲ್ದಂಗೆ ಆಗಬಾರದು ಅಂತ ಬಂದಿದೀನಿ."

ಆ ಮಾತು ಎದೆಗೆ ನಾಟಿತು. ಆದರೂ ಹಟ ಬಿಡಲಿಲ್ಲ. ಮುದುಕರ ಕಡೆ ತಿರುಗಿ, ಎಲ್ಲ ಸರಿ, ಆದರೆ ಊರಲ್ಲಿ ಹಿರಿಯರನ್ನು ಕೇಳಬೇಕು, ಜಾತಕ ತೋರಿಸಬೇಕು, ಅವಸರ ಬೇಡ, ನೋಡೋಣ ಎಂದೆ. ಉಳಿದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದವನಿಗೆ ಆ ಕೊನೆಯ ಪದ ಕನ್ನಡದಲ್ಲೇ ಬಾಯಿಗೆ ಬಂತು.

ಅವರು ಕಪ್ಪು ಕೆಳಗಿಟ್ಟರು. "ಈ ಪದವನ್ನು ನಿಮ್ಮ ಮಗಳು ನನಗೆ ಹೇಳಿಕೊಟ್ಟಿದ್ದಾಳೆ. ಮೊದಲು ಯಾವುದೋ ತಿಂಗಳು ಕೆಟ್ಟದ್ದಿತ್ತು, ಆಮೇಲೆ ಅಂಗಡಿ, ಆಮೇಲೆ ಸತ್ತವರ ಹದಿನೈದು ದಿನ, ಆಮೇಲೆ ಇನ್ನೊಂದು ಕೆಟ್ಟ ತಿಂಗಳು, ಆಮೇಲೆ ನಾನು. ತಪ್ಪು ತಿಳಿಯಬೇಡಿ, ಕಸುಬುದಾರನಾಗಿ ಹೇಳುತ್ತಿದ್ದೇನೆ, ಬಹಳ ಅಚ್ಚುಕಟ್ಟಾದ ಕೆಲಸ. ನಮ್ಮಲ್ಲಿ ಇಷ್ಟು ಒಳ್ಳೆಯ ಪಂಚಾಂಗ ಇರಲಿಲ್ಲ. ವಿಷಯ ಪರಿಶೀಲನೆಯಲ್ಲಿದೆ ಎಂದು ಒಂದೇ ವಾಕ್ಯ ಇಟ್ಟುಕೊಂಡು ನಾನು ನಲವತ್ತು ವರ್ಷ ದೂಡಿದೆ."

ವಿಮಾನವೊಂದು ಬಂತು. ಅವರು ಅದು ಹೋಗುವವರೆಗೆ ಕಾದರು. ನಮ್ಮ ಮನೆಗೆ ಬಂದ ಅತಿಥಿಗಳಲ್ಲಿ ಹಾಗೆ ತಾನಾಗಿ ಕಾದವರು ಅವರೊಬ್ಬರೇ.

ಬೆಟ್ಟದ ದೇಶದಲ್ಲಿ ರಾಯಭಾರಿಯಾಗಿದ್ದಾಗ ಅವರ ಜೊತೆ ಓದಿದ ಗೆಳೆಯನೊಬ್ಬ ಅಲ್ಲೇ ಹಳ್ಳಿಯಲ್ಲಿ ಪಾದ್ರಿಯಾಗಿದ್ದನಂತೆ. ಅವನು ಒಬ್ಬ ಶಾಲೆಯ ಟೀಚರನ್ನು ಪ್ರೀತಿಸಿದ. ಪಾದ್ರಿತನದಿಂದ ಬಿಡಿಸಿ, ಮದುವೆಗೆ ಅನುಮತಿ ಕೊಡಿ ಎಂದು ರೋಮಿಗೆ ಬರೆದುಕೊಂಡ. ಕಡತ ಇವರ ಮೇಜಿನ ಮೇಲೆ ಹಾದುಹೋಗಬೇಕಿತ್ತು, ಒಂದು ಅಭಿಪ್ರಾಯ ಬರೆದು ಮುಂದೆ ಕಳಿಸಿದರೆ ಸಾಕಿತ್ತು. "ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವುದು ನಮಗೆ ಕಲಿಸಿಯೇ ಇರಲಿಲ್ಲ. ಇನ್ನೊಂದು ಪತ್ರ ಬೇಕು ಎಂದೆ. ಅವನು ಕಳಿಸಿದ. ಇನ್ನೊಬ್ಬ ಸಾಕ್ಷಿ ಬೇಕು ಎಂದೆ. ಕಳಿಸಿದ. ತಡ ಮಾಡಿದರೆ ಮನಸ್ಸು ಬದಲಾಗಿ ನಮ್ಮ ಕಡೆಗೇ ಬರುತ್ತಾನೆ ಎಂದುಕೊಂಡಿದ್ದೆ. ಅವನನ್ನು ಕಳೆದುಕೊಳ್ಳಬಾರದು ಎನ್ನುವುದೊಂದೇ ಇತ್ತು ನನ್ನ ತಲೆಯಲ್ಲಿ. ಏಳು ವರ್ಷ. ಕೊನೆಗೆ ಅನುಮತಿ ಬಂದಾಗ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ನಾನೇ ಹೋದೆ. ಅವನು ಸತ್ತು ನಾಲ್ಕು ತಿಂಗಳಾಗಿತ್ತು. ಬಾಗಿಲು ತೆರೆದವಳು ಅವಳೇ. ಕೂರಿಸಿದಳು. ಒಂದು ಕೆಟ್ಟ ಮಾತಾಡಲಿಲ್ಲ."

ಮಫ್ಲರ್ ಸರಿಮಾಡಿಕೊಂಡು, "ಕಾಫಿ ಕೊಟ್ಟಳು" ಎಂದರು. "ಬರೀ ಕಾಫಿ."

ಗೆಳೆಯರು ಲ್ಯಾಪ್‌ಟಾಪ್ ಮುಚ್ಚಿದರು. ನನ್ನ ಕಣ್ಣು ಟೀಪಾಯಿಯ ಮೇಲಿದ್ದ ಉಪ್ಪಿಟ್ಟಿನ ತಟ್ಟೆಯ ಮೇಲೆ ಹೋಯಿತು. ಅದನ್ನು ಅಲ್ಲಿಂದ ಎತ್ತಿ ಎಲ್ಲಿಯಾದರೂ ಬಚ್ಚಿಡಬೇಕು ಅನ್ನಿಸಿತು.

ಇದನ್ನು ಬರೆಯುವಾಗ ಸುಳ್ಳು ಹೇಳಬಾರದು. ಹುಡುಗನ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಅವನನ್ನು ನಾನು ನೋಡಿಯೇ ಇರಲಿಲ್ಲ. ನನಗಿದ್ದದ್ದು ಹೆದರಿಕೆ. ಊಟದ ಸಾಲಿನಲ್ಲಿ ನಾನು ಆಡಿದ್ದನ್ನು ನಾಳೆ ಜನ ನನಗೇ ಆಡಿ ತೋರಿಸುತ್ತಾರೆ ಎಂಬ ಹೆದರಿಕೆ ಒಂದು. ಅವಳು ಹೋದರೆ ಮತ್ತೆ ಬರುವುದಿಲ್ಲ ಎಂಬುದು ಇನ್ನೊಂದು, ಅದೇ ದೊಡ್ಡದು. ಹೋಗದಿರಲಿ ಎಂದು ತಡ ಮಾಡುತ್ತಾ ಮಾಡುತ್ತಾ ಆಗಲೇ ಅವಳನ್ನು ಮುಕ್ಕಾಲು ದಾರಿ ಕಳಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಓವನ್ನಿನ ಬಾಗಿಲು ತೆರೆದ ಸದ್ದಾಯಿತು. ನಮ್ಮ ಮನೆಯ ಓವನ್ನಿನಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಏನೂ ಬೇಯಿಸಿಲ್ಲ. ಅದು ಬಾಣಲೆ, ಹಂಚು, ದೊಡ್ಡ ಪಾತ್ರೆಗಳನ್ನು ಇಡುವ ಕಪಾಟು. ಹೆಂಡತಿ ಬಾಣಲೆಗಳನ್ನು ಒಂದೊಂದಾಗಿ ತೆಗೆದು ಕಟ್ಟೆಯ ಮೇಲಿಟ್ಟಳು. ಅವುಗಳ ಹಿಂದಿನಿಂದ ಬಿಳಿ ಬಟ್ಟೆ ಮುಚ್ಚಿದ ದೊಡ್ಡ ಡಬ್ಬಿ ಹೊರಬಂತು. ತಂದು ಟೀಪಾಯಿಯ ಮೇಲಿಟ್ಟು ಬಟ್ಟೆ ತೆಗೆದಳು. ಹೋಳಿಗೆ. ಅರವತ್ತಕ್ಕೆ ಕಡಿಮೆ ಇರಲಿಲ್ಲ.

"ಯಾವಾಗ ಮಾಡಿದಿ?"

"ನಿನ್ನೆ, ನೀವು ಅಂಗಡಿಗೆ ಹೋದಾಗ" ಎಂದಳು. "ನಿಮ್ಮ ಮೂಗು ಕಟ್ಟಿದ್ದು ಪುಣ್ಯಾ ಆತು." ಆಮೇಲೆ ಮುದುಕರ ಎದುರಿಗೇ, ಅವರಿಗೆ ಭಾಷೆ ತಿಳಿಯುವುದಿಲ್ಲ ಎಂಬ ಧೈರ್ಯದಿಂದ, ಎಂದೂ ಇಲ್ಲದ ದನಿಯಲ್ಲಿ ಹೇಳಿದಳು. "ಮಗಳ ಕಡೆ ಹೋಗಿ ಬರೀ ಚಾ ಕುಡದು ಬರೂದು ನನ್ನ ಕಡಿಂದ ಆಗೂದಿಲ್ರಿ. ನೀವು ಒಪ್ಪಿದ್ರೂ ಸರಿ, ಬಿಟ್ರೂ ಸರಿ."

ಕನ್ನಡ ಬಾರದ ಕಾರ್ಡಿನಲ್ ಹೋಳಿಗೆಯ ಡಬ್ಬಿ ನೋಡಿಯೇ ಎಲ್ಲ ಅರ್ಥ ಮಾಡಿಕೊಂಡರು. "ಸಕ್ಕರೆ ಕಾಯಿಲೆ ಇದೆ, ತಿನ್ನಬಾರದು" ಎಂದು ಹೇಳುತ್ತಲೇ ಒಂದನ್ನು ಕೈಗೆತ್ತಿಕೊಂಡರು. "ಆದರೆ ಇದು ಸರ್ಕಾರಿ ಕೆಲಸ." ಹೆಂಡತಿ ಅದರ ಮೇಲೆ ತುಪ್ಪ ಹಾಕಿದಳು.

ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದೆ. ಹತ್ತು ನಿಮಿಷದ ದಾರಿ, ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಬೆಳಿಗ್ಗೆಯಿಂದ ಕಾಯುತ್ತಿದ್ದಾರೆ ಎಂದರು. ಹುಡುಗ ಹುಡುಗಿ ಎದುರಿಗೆ ಇರಬಾರದು ಎಂಬ ನನ್ನ ಷರತ್ತನ್ನು ಅಕ್ಷರಶಃ ಪಾಲಿಸಿದ್ದರು. ಫೋನ್ ತೆಗೆದು ಮಗಳಿಗೆ ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡಳು.

"ಈಸ್ ಎವ್ರಿಥಿಂಗ್ ಓಕೇ? ಅಜ್ಜ ಆರಾಮ್ ಇದ್ದಾರಾ?" ಎಂದಳು. ಅವರನ್ನು ಆಗಲೇ ಅಜ್ಜ ಎನ್ನುತ್ತಿದ್ದಳು.

"ಆರಾಮ್ ಅದಾರ. ಹೋಳಿಗಿ ತಿನ್ನಾಕತ್ತಾರ. ನೀವಿಬ್ರೂ ಬರ್ರಿ."

"ಬಂದು ಏನು ಮಾಡೋದಪ್ಪಾ? ಈಸ್ ದಿಸ್ ಅನದರ್ ನೋಡೋಣ?"

ಬನ್ನಿ, ಕೂತು ಮಾತಾಡೋಣ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಮುದುಕರು ತುಪ್ಪದ ಬೆರಳು ಚೀಪುತ್ತಾ ನನ್ನನ್ನೇ ನೋಡುತ್ತಿದ್ದರು. "ಅಲ್ಲವಾ" ಎಂದೆ. "ನನಗ ಒಪ್ಪಿಗಿ ಅದ. ಕೋರ್ಟ್ ಗೀರ್ಟ್ ಏನೂ ಬ್ಯಾಡ, ಮದುವಿ ಮಾಡೋಣು. ನಿನ್ನ ಹುಡುಗನ್ನ ಕರಕೊಂಡು ಬಾ." ದನಿ ಒಡೆಯಿತು. ಸೀಡರ್ ಪರಾಗವೆಂದು ಹೇಳಿಕೊಂಡೆ, ಯಾರೂ ನಂಬಲಿಲ್ಲ.

ಹತ್ತು ನಿಮಿಷಕ್ಕೆ ಬಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕಾರಿನ ಹಿಂದಿನ ಬಾಗಿಲು ತೆರೆದಾಗ ಮೊದಲು ಇಳಿದದ್ದು ಒಂದು ನಾಯಿ. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿತ್ತು. ನೇರ ಬಂದು ನನ್ನ ಕಾಲು ಮೂಸಿತು. ಅದರ ಹಿಂದೆ ಹುಡುಗ, ಹಗ್ಗ ಹಿಡಿದುಕೊಂಡು, ಹೆದರಿ ಬೆವರಿದ್ದ. ಅವನ ಹಿಂದೆ ಮಗಳು.

"ಇದು ಯಾರದು?" ಎಂದೆ.

"ಮೈನ್."

"ಯಾವಾಗ ತಂದಿ?"

ಅವಳು ನಾಯಿಯ ಕುತ್ತಿಗೆ ಸವರುತ್ತಾ ನಾಲ್ಕು ವರ್ಷವಾಯಿತು ಎಂದಳು. ಆ ನಾಲ್ಕು ವರ್ಷದಲ್ಲಿ ನಾವು ಆಸ್ಟಿನ್‌ಗೆ ಎಂಟು ಹತ್ತು ಸಲ ಹೋಗಿದ್ದೇವೆ, ಅವಳ ಮನೆಯಲ್ಲಿ ಮಲಗಿ ಎದ್ದಿದ್ದೇವೆ. ಪ್ರತಿ ಸಲವೂ ನಾವು ಬರುವ ಮೊದಲು ನಾಯಿಯನ್ನು ಬೇರೆಯವರ ಮನೆಗೆ ಕಳಿಸಿ, ಕೂದಲು ಗುಡಿಸಿ, ಅದರ ತಟ್ಟೆಯನ್ನು ಬಚ್ಚಿಡುತ್ತಿದ್ದಳಂತೆ.

"ಯಾಕವಾ? ನನಗ ಯಾಕ ಹೇಳಲಿಲ್ಲ?"

ಮಗಳು ನನ್ನ ಮುಖ ನೋಡಿದಳು. ಅವಳಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಯು ವರ್ ಸ್ಟಿಲ್ ಥಿಂಕಿಂಗ್ ಅಬೌಟ್ ಇಟ್, ಅಪ್ಪಾ" ಎಂದಳು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ, ಬೆಳಿಗ್ಗೆ ಮುದುಕರು ಕೂತು ಕಾಲು ತೊಳೆದುಕೊಂಡ ಜಾಗದಲ್ಲೇ. ತಂಬಿಗೆ ಇನ್ನೂ ಅಲ್ಲೇ ಇತ್ತು, ತಳದಲ್ಲಿ ಸ್ವಲ್ಪ ನೀರು ಉಳಿದಿತ್ತು. ನಾಯಿ ಅದರೊಳಗೆ ಮೂತಿ ಹಾಕಿ ಕುಡಿಯತೊಡಗಿತು. ನಾನು ತಂಬಿಗೆಯನ್ನು ಬಾಗಿಸಿ ಹಿಡಿದೆ.